ಶಾಲು ಯಾರ ಹೆಗಲಿಗೆ?

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ನಮ್ಮ ರಾಯಚೂರಿನಲ್ಲಿ ಎರಡು ಮೂರು ತಿಂಗಳು ಸನ್ಮಾನಗಳ ಸುಗ್ಗಿ. ಶಾಲೆಗಳು ಮಾಡುತ್ತವೆ, ಯುವಕ ಸಂಘಗಳು ಮಾಡುತ್ತವೆ, ಒಂದೊಂದು ಜಾತಿಯ ಸಮಾಜದವರೂ ತಂತಮ್ಮ ಮಕ್ಕಳನ್ನು ಹುಡುಕಿ ಕರೆದು ಮಾಡುತ್ತಾರೆ. ಎಲ್ಲದರ ಹೆಸರೂ ಒಂದೇ, ಪ್ರತಿಭಾ ಪುರಸ್ಕಾರ. ಒಂದು ಶಾಲು, ಒಂದು ಹಾರ, ಒಂದು ನೆನಪಿನ ಕಾಣಿಕೆ, ಒಂದು ಫೋಟೋ. ದೇವದುರ್ಗ, ಮಾನ್ವಿ, ರಾಯಚೂರು ಎಂದು ಮೂರೂ ಕಡೆ ಪ್ರೌಢಶಾಲೆಗಳಲ್ಲಿ ಪಾಠ ಹೇಳಿದ ನನಗೆ ಇಂಥ ಸಮಾರಂಭಗಳಿಗೆ ಮಕ್ಕಳ ಪಟ್ಟಿ ಬರೆದು ಬರೆದು ಕೈ ಪಳಗಿದೆ. ಅಂಕ ನೋಡಿ ಮೇಲಿನಿಂದ ಕೆಳಕ್ಕೆ ಮೂರು ಹೆಸರು ಬರೆದರೆ ಕೆಲಸ ಮುಗಿಯಿತು. ಆದರೂ ಬರೆಯುವಾಗೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ನಾವು ಶಾಲು ಹೊದಿಸುವುದು ಯಾವುದಕ್ಕೆ? ಅಂಕಕ್ಕೋ, ಶ್ರಮಕ್ಕೋ, ಅದೃಷ್ಟಕ್ಕೋ?

ನಮ್ಮ ಸೀಮೆಯನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಪಟ್ಟಿ ಮಾಡಿದಾಗ ದೇವದುರ್ಗ, ಮಾನ್ವಿ ಎರಡೂ ಅದರಲ್ಲಿದ್ದವು. ದಸರೆ ಕಳೆದು ಹೊಲದಲ್ಲಿ ಹತ್ತಿ ಬಿಳುಪೇರಿತೆಂದರೆ ತರಗತಿಯ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಆಮೇಲೆ ಮೆಣಸಿನಕಾಯಿ ಬಿಡಿಸುವ ಕಾಲ. ತಂದೆತಾಯಿ ಬೆಂಗಳೂರಿಗೆ, ಪುಣೆಗೆ ಗುಳೆ ಹೋದರಂತೂ ಹತ್ತನೇ ಇಯತ್ತೆಯ ಹುಡುಗಿಯೇ ಮನೆಯ ಯಜಮಾನಿ. ತಮ್ಮಂದಿರಿಗೆ ರೊಟ್ಟಿ ಬಡಿದಿಟ್ಟು, ಅಜ್ಜಿಗೆ ನೀರು ಕಾಯಿಸಿಕೊಟ್ಟು, ಎರಡನೇ ಪೀರಿಯಡ್ಡಿಗೆ ಏದುಸಿರು ಬಿಡುತ್ತಾ ಬರುತ್ತಾಳೆ. ಅಂಕಪಟ್ಟಿಯಲ್ಲಿ ಇದನ್ನೆಲ್ಲ ಬರೆಯಲು ಕಾಲಮ್ಮಿಲ್ಲ.

ಹೀಗೆಂದ ಮಾತ್ರಕ್ಕೆ ಅಂಕ ಸುಳ್ಳು, ಸನ್ಮಾನ ಬೂಟಾಟಿಕೆ ಎನ್ನುವುದು ಸುಲಭದ ಮಾತು. ರಾಯಚೂರಿನ ಒಳ್ಳೆಯ ಬಡಾವಣೆಯಲ್ಲಿ ಟ್ಯೂಷನ್ನಿಗೆ ಹೋಗಿ 600 ದಾಟಿದ ಹುಡುಗಿಯೂ ಬೆಳಗಿನ ನಾಲ್ಕಕ್ಕೆ ಎದ್ದವಳೇ. ಅವಳ ನಿದ್ದೆಗೆಟ್ಟ ಕಣ್ಣುಗಳನ್ನು ನಾವು ಲೆಕ್ಕಕ್ಕಿಲ್ಲವೆನ್ನಲಾಗದು. ಇನ್ನು ಕೆಲವರು ಪೈಪೋಟಿ ಮಕ್ಕಳನ್ನು ಕೊಲ್ಲುತ್ತಿದೆ, ಮೊದಲಿಗರ ಪಟ್ಟಿಯನ್ನೇ ಕೈಬಿಡಿ ಎನ್ನುತ್ತಾರೆ. 2023ರಲ್ಲಿ ಸಿ.ಬಿ.ಎಸ್.ಇ. ಹಾಗೆಯೇ ಮಾಡಿತು, ಮೆರಿಟ್ ಪಟ್ಟಿಯನ್ನು ಪ್ರಕಟಿಸಲಿಲ್ಲ. ದೊಡ್ಡ ಊರುಗಳಿಗೆ ಅದು ಸರಿಯಿರಬಹುದು. ಆದರೆ 2011ರ ಜನಗಣತಿಯಲ್ಲಿ ಸ್ತ್ರೀ ಸಾಕ್ಷರತೆ ಅರ್ಧಕ್ಕೂ ಮುಟ್ಟದೆ ಶೇಕಡಾ 48.73ರಲ್ಲಿ ನಿಂತ ಜಿಲ್ಲೆ ನಮ್ಮದು. ಹುಡುಗಿಯೊಬ್ಬಳ ಹೆಸರನ್ನು ಮೈಕಿನಲ್ಲಿ ಕೂಗುವುದು ಇಲ್ಲಿ ಸಣ್ಣ ಸಂಗತಿಯಲ್ಲ. ಮದುವೆಯ ಹಂದರದ ಹೊರತು ಬೇರೆಲ್ಲೂ ಅವಳಿಗಾಗಿ ಜನ ಸೇರುವುದಿಲ್ಲ.

ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಶಾಲೆಗೆ ಮೊದಲಿಗಳಾದ ಹುಡುಗಿಗೆ ಸೋದರಮಾವನ ಮನೆಯಲ್ಲಿ ಮಾತು ನಡೆದಿತ್ತು. ಇನ್ನೂ ಹದಿನೆಂಟು ತುಂಬಿರಲಿಲ್ಲ. ಸಮಾರಂಭದ ದಿನ ಮುಖ್ಯೋಪಾಧ್ಯಾಯರು ಅವಳ ತಂದೆಯನ್ನೂ ವೇದಿಕೆಗೆ ಕರೆದು, ಅವರ ಹೆಗಲಿಗೂ ಒಂದು ಶಾಲು ಹಾಕಿ, ಮೈಕು ಕೈಗೆ ಕೊಟ್ಟು, “ಮಗಳನ್ನ ಮುಂದ ಏನ್ ಓದಸ್ತೀರಿ?” ಎಂದು ಕೇಳಿದರು. ಆತ ಗಂಟಲು ಸರಿಮಾಡಿಕೊಂಡು, ಊರ ಹಿರಿಯರ ಕಡೆ ನೋಡಿ, “ಕಾಲೇಜಿಗೆ ಹಚ್ತೀನ್ರಿ” ಎಂದರು. ನಾಲ್ಕು ಜನರ ಮುಂದೆ ಆಡಿದ ಮಾತನ್ನು ನುಂಗುವುದು ಹಳ್ಳಿಯಲ್ಲಿ ಕಷ್ಟ. ಹುಡುಗಿ ಪಿ.ಯು.ಸಿ. ಮುಗಿಸಿದಳು, ನರ್ಸಿಂಗ್ ಓದಿದಳು. ಅಂದು ಆ ಶಾಲು ಮಾಡಿದ ಕೆಲಸವನ್ನು ನಮ್ಮ ನೂರು ಬುದ್ಧಿಮಾತುಗಳು ಮಾಡುತ್ತಿರಲಿಲ್ಲ. ಸನ್ಮಾನವೆಂದರೆ ಮುಗಿದ ಕೆಲಸದ ಕೂಲಿ ಎಂದುಕೊಂಡಿದ್ದೇವೆ. ಅದು ಮುಂದಿನ ದಾರಿಗೆ ಊರು ನುಡಿಯುವ ಸಾಕ್ಷಿಯೂ ಆಗಬಲ್ಲದು.

ಹಾಗಾದರೆ ಕಷ್ಟದಲ್ಲಿರುವವರಿಗೆಲ್ಲ ಕನಿಕರದಿಂದ ಒಂದೊಂದು ಬಹುಮಾನ ಹಂಚೋಣವೇ? ಇದಕ್ಕೆ ಉತ್ತರ ಕೊಟ್ಟವಳು ದೇವದುರ್ಗದ ಕಡೆಯ ಒಬ್ಬ ವಿದ್ಯಾರ್ಥಿನಿ. ಹತ್ತಿ ಬಿಡಿಸುತ್ತಲೇ ಓದಿ 391 ಅಂಕ ತಂದಿದ್ದಳು. ಅವಳಿಗೊಂದು ಪ್ರೋತ್ಸಾಹಕ ಬಹುಮಾನ ಕೊಡುವ ಮಾತು ಬಂದಾಗ ತಲೆ ತಗ್ಗಿಸದೆ ಹೇಳಿದಳು: “ಪಾಪ ಅಂತ ಕೊಡಬ್ಯಾಡ್ರಿ ಟೀಚರ್. ಗಣಿತದಾಗ ಎಂಬತ್ತೊಂದು ತಗದೀನಿ, ಅದಕ್ಕ ಕೊಡ್ರಿ.” ಅವಳ ಮಾತು ನ್ಯಾಯವಾಗಿತ್ತು. ಗುರುತಿಸುವುದು ಎಂಬ ಮಾತಿನಲ್ಲೇ ಅರ್ಥವಿದೆ. ಈ ಮಗು ಏನು ಮಾಡಿದೆ, ಎಂಥ ದಾರಿಯಲ್ಲಿ ನಡೆದು ಮಾಡಿದೆ ಎಂದು ಸರಿಯಾಗಿ ಗುರುತು ಹಿಡಿಯಬೇಕು. ಕನಿಕರಕ್ಕೆ ಗುರುತು ಬೇಕಿಲ್ಲ, ಅದು ಯಾರ ಮೇಲೂ ಸುರಿಯುತ್ತದೆ. ಮಕ್ಕಳಿಗೆ ಈ ಎರಡರ ಅಂತರ ನಮಗಿಂತ ಬೇಗ ತಿಳಿಯುತ್ತದೆ.

ಗುರುತು ಹಿಡಿಯಲು ಹೊರಟರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ನಮ್ಮ ಮಾನ್ವಿಯ ಜಗನ್ನಾಥದಾಸರ ಕಥೆಯನ್ನು ನೀವೂ ಕೇಳಿರಬಹುದು. ಮೊದಲು ಅವರು ಪಾಂಡಿತ್ಯದ ಬಿಗುಮಾನವಿದ್ದ ಶ್ರೀನಿವಾಸಾಚಾರ್ಯರು. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರಂತೆ. ಆ ನೋವೇ ನಿಜವಾಗಿ ಅಂಟಿಕೊಂಡಿತಂತೆ. ಕಡೆಗೆ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಪ್ರತೀತಿ. ‘ಹರಿಕಥಾಮೃತಸಾರ’ ಆಮೇಲೆ ಹುಟ್ಟಿತು. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಅದರಲ್ಲಿ ಕಾಣುವುದು ಇಷ್ಟೇ: ಒಬ್ಬರ ಸಾಧನೆಯ ಒಳಗೆ ಇನ್ನೊಬ್ಬರ ವರ್ಷಗಳು ಸೇರಿರುತ್ತವೆ.

ನಮ್ಮ ಪಟ್ಟಿಯ ಪ್ರತಿ ಹೆಸರಿನ ಹಿಂದೆಯೂ ಹೀಗೆ ವರ್ಷ ಕೊಟ್ಟವರಿದ್ದಾರೆ. ತಂಗಿ ಓದಲೆಂದು ಏಳನೇ ಇಯತ್ತೆಗೇ ಶಾಲೆ ಬಿಟ್ಟು ಕೂಸು ಎತ್ತಿಕೊಂಡ ಅಕ್ಕ, ದಿನದ ಹತ್ತಿ ಕೂಲಿಯಲ್ಲಿ ನೋಟುಬುಕ್ಕಿನ ದುಡ್ಡು ತೆಗೆದಿಟ್ಟ ತಾಯಿ. ಕೆಲವೊಮ್ಮೆ ಅದು ಸಮಾಜವೇ ಕೊಟ್ಟ ಆಸರೆ. 2024ರಲ್ಲಿ 625ಕ್ಕೆ 625 ಪಡೆದು ರಾಜ್ಯಕ್ಕೆ ಮೊದಲಿಗಳಾದವಳು ಬಾಗಲಕೋಟೆ ಜಿಲ್ಲೆಯ ಸರಕಾರಿ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿದ ರೈತನ ಮಗಳು. ಬುದ್ಧಿ, ದುಡಿಮೆ ಅವಳವು. ಅವಕ್ಕೆ ಹೊತ್ತಿಗೆ ಊಟ, ರಾತ್ರಿ ದೀಪ, ಹತ್ತಿರದಲ್ಲೇ ಗುರುಗಳು ಜೊತೆಯಾದರು. ಅದೇ ವರ್ಷ ನಮ್ಮ ಪಕ್ಕದ ಯಾದಗಿರಿ ಜಿಲ್ಲೆ ಫಲಿತಾಂಶದಲ್ಲಿ ಕೊನೆಗೆ ಬಂತು. ಅಲ್ಲಿನ ಮಕ್ಕಳಿಗೆ ಬುದ್ಧಿ ಕಡಿಮೆ ಎಂದು ಯಾರಾದರೂ ಹೇಳಿಯಾರೇ?

ಆದ್ದರಿಂದ ಪುರಸ್ಕಾರಗಳು ನಡೆಯಲಿ, ಮೊದಲು ಬಂದವರನ್ನು ಮೊದಲೇ ಕರೆಯೋಣ. ಅವರ ಜೊತೆಗೆ ಅಕ್ಕನನ್ನೋ ಅವ್ವನನ್ನೋ ಮೇಲೆ ಕರೆಯೋಣ. ಗಣಿತದಲ್ಲಿ ಎಂಬತ್ತೊಂದು ತಂದವಳನ್ನು ಆ ಎಂಬತ್ತೊಂದರ ಹೆಸರು ಹೇಳಿಯೇ ಕರೆಯೋಣ. ಫೇಲಾದವರನ್ನೂ ಮರೆಯಬೇಕಿಲ್ಲ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದ ಮೇಲೆ ಎರಡನೆಯದರಲ್ಲೋ ಮೂರನೆಯದರಲ್ಲೋ ದಾಟಿದವರು ಎಷ್ಟೋ ಮಂದಿ. ಆ ಹೊತ್ತಿಗೆ ನಮ್ಮ ಸಮಾರಂಭಗಳು ಮುಗಿದು, ಹಂದರ ಬಿಚ್ಚಿರುತ್ತೇವೆ. ಒಮ್ಮೆ ಬಿದ್ದು ಎದ್ದು ಬಂದವರಿಗೆ ಒಂದು ಚಪ್ಪಾಳೆ ಉಳಿಸಿಟ್ಟುಕೊಳ್ಳಬಾರದೇ?

ಮಹಿಳಾ ಮಂಡಳಗಳಲ್ಲಿ, ಸಮಾಜದ ಸಂಘಗಳಲ್ಲಿ ಶಾಲು ಕೊಳ್ಳುವವರು ಹೆಚ್ಚಾಗಿ ನಾವು ಹೆಂಗಸರೇ. ಶಾಲು ಹೊದಿಸುವಾಗ ಹುಡುಗಿಯ ಕಿವಿಯಲ್ಲಿ ಒಂದು ಮಾತು ಕೇಳೋಣ: “ಮುಂದೆ ಎಲ್ಲಿ ಓದ್ತೀಯವ್ವ?” ಅವಳು ಉತ್ತರಿಸದೆ ತಂದೆಯ ಮುಖ ನೋಡಿದರೆ ನಮ್ಮ ಕೆಲಸ ಇನ್ನೂ ಉಳಿದಿದೆ ಎಂದರ್ಥ. ಹಾಸ್ಟೆಲಿನ ಅರ್ಜಿ ತುಂಬಬೇಕಾದೀತು, ಜಾತಿ ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯಬೇಕಾದೀತು, ಅವಳ ಮನೆಗೆ ಎರಡು ಸಲ ಹೋಗಿ ಬರಬೇಕಾದೀತು. ಅಷ್ಟಕ್ಕೆ ಸಿದ್ಧರಿದ್ದರೆ ನಮ್ಮ ಚಪ್ಪಾಳೆಗೂ ಬೆಲೆ ಬಂದೀತು.