ಮೊದಲ ಏಟು ಯಾರದು?

ವೇದಗಂಗಾ, ದೂಧಗಂಗಾ ನದಿಗಳು ಕೂಡುವ ಭೋಜ ಮತ್ತು ಅದರ ಸುತ್ತಲಿನ ಗಡಿಭಾಗದಲ್ಲಿ ಗರಡಿಮನೆಗೆ ‘ತಾಲೀಮು’ ಎನ್ನುವುದುಂಟು. ಉರ್ದು ಓದಿದವರಿಗೆ ಈ ಶಬ್ದದ ಇನ್ನೊಂದು ಅರ್ಥವೂ ಗೊತ್ತು. ತಾಲೀಮ್ ಎಂದರೆ ಶಿಕ್ಷಣ. ಮೈ ಕಟ್ಟುವ ಜಾಗಕ್ಕೂ ಮನಸ್ಸು ತಿದ್ದುವ ಕೆಲಸಕ್ಕೂ ಹಿರಿಯರು ಒಂದೇ ಹೆಸರಿಟ್ಟುಕೊಂಡರು.

ಈಗ ಕುಸ್ತಿಯ ಕೆಂಪು ಮಣ್ಣಿನ ಜೊತೆಗೆ ಕರಾಟೆಯ ಬಿಳಿ ಉಡುಪೂ ನಮ್ಮ ಊರುಗಳಿಗೆ ಬಂದಿದೆ. ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೂ ಆತ್ಮರಕ್ಷಣೆಯ ತರಬೇತಿ ಸಿಗುತ್ತಿದೆ. ಸಂತೋಷದ ಸಂಗತಿಯೇ. ಆದರೆ ಹೊಡೆಯುವುದನ್ನು ಕಲಿಸುವ ನಾವು, ಯಾವಾಗ ಹೊಡೆಯಬಾರದು ಎಂಬುದನ್ನೂ ಕಲಿಸುತ್ತಿದ್ದೇವೆಯೇ?

ಕರಾಟೆಯ ಮೂಲ ಜಪಾನಿನ ದಕ್ಷಿಣದ ಓಕಿನಾವಾ ದ್ವೀಪ. ಅಲ್ಲಿನ ನಾಹಾ ಪಟ್ಟಣದ ಹಿಗಾವೊನ್ನಾ ಕಾನ್ರ್ಯೊ ಚೀನಾಕ್ಕೆ ಹೋಗಿ ವಿದ್ಯೆ ಕಲಿತು ಬಂದರು. ಅವರ ಶಿಷ್ಯ ಮಿಯಾಗಿ ಚೋಜುನ್ (1888–1953) ತಮ್ಮ ಪದ್ಧತಿಗೆ ‘ಗೋಜು’ ಎಂದು ಹೆಸರಿಟ್ಟರು. ‘ಗೋ’ ಎಂದರೆ ಗಡಸು, ‘ಜು’ ಎಂದರೆ ಮೃದು. ಬಿಗಿದ ಮುಷ್ಟಿಯ ಜೊತೆಗೆ ತೆರೆದ ಅಂಗೈಯನ್ನೂ, ಏಟಿನ ಜೊತೆಗೆ ಉಸಿರಾಟವನ್ನೂ ಅಭ್ಯಾಸ ಮಾಡಿಸುವುದು ಈ ಪದ್ಧತಿಯ ವೈಶಿಷ್ಟ್ಯ. 1922ರಲ್ಲಿ ಟೋಕಿಯೊದಲ್ಲಿ ಕರಾಟೆ ಪ್ರದರ್ಶಿಸಿದ ಫುನಾಕೋಶಿ ಗಿಚಿನ್ ಅವರೂ ಓಕಿನಾವಾದವರೇ. ಕರಾಟೆಯಲ್ಲಿ ಮೊದಲ ಏಟಿಗೆ ಸ್ಥಾನವಿಲ್ಲ ಎಂಬುದು ಅವರ ಮುಖ್ಯ ಬೋಧನೆಗಳಲ್ಲೊಂದು.

ಈ ಮಾತು ನಮಗೆ ಹೊಸದಲ್ಲ. ಎದುರಾಳಿಯನ್ನು ಕೆಡವುವವನಲ್ಲ, ಕೋಪ ಬಂದಾಗ ತನ್ನನ್ನು ತಡೆದುಕೊಳ್ಳುವವನೇ ಬಲಶಾಲಿ ಎಂಬ ಪ್ರವಾದಿವರ್ಯರ (ಸ) ಬೋಧನೆಯನ್ನು ನಾವು ಬಾಲ್ಯದಿಂದಲೇ ಕೇಳಿದ್ದೇವೆ. ಕೇಳಿದ್ದೇವೆ, ಅಷ್ಟೇ.

ಹಾಗಾದರೆ ಬಸ್ ನಿಲ್ದಾಣದಲ್ಲಿ ಪೀಡಕನ ಕೈಗೆ ಸಿಕ್ಕ ಹುಡುಗಿ ಸುಮ್ಮನಿರಬೇಕೇ? ಖಂಡಿತ ಇಲ್ಲ. ಅಲ್ಲಿ ಮೊದಲ ಏಟು ಆಗಲೇ ಬಿದ್ದಿದೆ, ಅದು ಅವನದು. ತನ್ನನ್ನು ಬಿಡಿಸಿಕೊಳ್ಳಲು ಆಕೆ ಕೈ ಎತ್ತಿದರೆ ಅದು ನ್ಯಾಯ. ಅನ್ಯಾಯಕ್ಕೆ ಅದರಷ್ಟೇ ಪ್ರತೀಕಾರ, ಕ್ಷಮಿಸಿದರೆ ಇನ್ನೂ ಶ್ರೇಷ್ಠ ಎಂಬ ಕುರ್‌ಆನಿನ ಬೋಧನೆ ಪ್ರತೀಕಾರಕ್ಕೂ ಒಂದು ಅಳತೆ ಹಾಕಿದೆ.

ನಮ್ಮ ಆತಂಕ ಬೇರೆ. ಇಂದು ‘ಆತ್ಮರಕ್ಷಣೆ’ ಎಂಬ ಶಬ್ದವನ್ನು ಗುಂಪುಗಳು ಎತ್ತಿಕೊಂಡಿವೆ. ಗಲಭೆ ಎಬ್ಬಿಸಿದ ಯಾರನ್ನೇ ಕೇಳಿ, ತಾನು ರಕ್ಷಣೆಗೆಂದೇ ದೊಣ್ಣೆ ಹಿಡಿದೆ ಎನ್ನುತ್ತಾನೆ. ನಾಳೆ ಅವರು ಹೊಡೆದಾರು, ಆದ್ದರಿಂದ ಇಂದೇ ನಾವು ಹೊಡೆಯೋಣ ಎಂಬ ಲೆಕ್ಕ ಅವನದು. ಇದು ಒಂದೇ ಸಮುದಾಯದ ರೋಗವೂ ಅಲ್ಲ. ನಮ್ಮ ಹುಡುಗರಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳಲು ನಮಗೂ ಸಾಧ್ಯವಿಲ್ಲ.

ಒಳ್ಳೆಯ ನಿಯಮ ಗೋಡೆಯ ಮೇಲಿದ್ದರೆ ಸಾಲದೆಂಬುದಕ್ಕೆ ಜಪಾನೇ ಸಾಕ್ಷಿ. ಯುದ್ಧವಿದ್ಯೆಗಳ ಶಿಸ್ತನ್ನು ಕೊಂಡಾಡಿದ ಆ ದೇಶ ನೆರೆಯ ಚೀನಾದ ಮೇಲೆ ದಂಡೆತ್ತಿ ಹೋಯಿತು. ಕೊನೆಗೆ 1945ರ ಯುದ್ಧ ಓಕಿನಾವಾವನ್ನೇ ಸುಟ್ಟಿತು. ಮಿಯಾಗಿಯವರು ಮಕ್ಕಳನ್ನೂ ನೆಚ್ಚಿನ ಶಿಷ್ಯನನ್ನೂ ಕಳೆದುಕೊಂಡರು. ಆ ಮೇಲೂ ಅವರು ಕಲಿಸುವುದನ್ನು ಬಿಡಲಿಲ್ಲ.

ಬಲವನ್ನು ಹೊಡೆತದಿಂದಲೇ ಅಳೆಯಬೇಕೆಂದೇನಿದೆ? ಮತ್ತೆ ಭೋಜಕ್ಕೇ ಬರೋಣ. ಜೈನ ಮುನಿಗಳಾದ ಆಚಾರ್ಯ ಶಾಂತಿಸಾಗರರು (1872–1955) ಈ ಊರಿನ ರೈತ ಮನೆತನದವರು. ದೀಕ್ಷೆಗೆ ಮೊದಲು ಅವರು ಗಟ್ಟಿಮುಟ್ಟಾದ ಆಳು. ಮುನಿಗಳು ಬಂದಾಗ ಅವರನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅದೂ ತೋಳ್ಬಲವೇ. ಆದರೆ ಅದರಿಂದ ಒಬ್ಬರೂ ಕೆಳಗೆ ಬೀಳಲಿಲ್ಲ, ದಡ ಸೇರಿದರು.

ನಮ್ಮ ಮಕ್ಕಳು ಕರಾಟೆ ಕಲಿಯಲಿ, ಕುಸ್ತಿಯನ್ನೂ ಆಡಲಿ. ಅಂಜುಬುರುಕರ ಸಹನೆಗೆ ಬೆಲೆಯಿಲ್ಲ, ನಿಜ. ಆದರೆ ಮನೆಗೆ ಮರಳಿದಾಗ “ಇವತ್ತು ಯಾರನ್ನು ಕೆಡವಿದೆ?” ಎಂದಷ್ಟೇ ಕೇಳಬೇಡಿ. “ಸಿಟ್ಟು ಬಂದಾಗ ಏನು ಮಾಡಿದೆ?” ಎಂದೂ ಕೇಳಿ. ತಾಲೀಮು ಶುರುವಾಗುವುದು ಅಲ್ಲಿಂದ.