ಏಳಲಾಗದ ತೊಟ್ಟಿ

ಒಂದು ವಸ್ತುವನ್ನು ನಿರ್ಮಿಸುವವನ ಹೊಣೆ ಎಲ್ಲಿಗೆ ಮುಗಿಯುತ್ತದೆ? ಅದನ್ನು ಬಳಸುವವನು ಸುಖವಾಗಿ ಅದರೊಳಗೆ ಸೇರಿದರೆ ಸಾಕೆ? ಸುಖವಾಗಿ ಅದರಿಂದ ಹೊರಬರುವವರೆಗೂ ಆ ಹೊಣೆ ಉಳಿದಿರುತ್ತದೆಯೆ? ಪ್ರಶ್ನೆ ದೊಡ್ಡದೆಂದು ವಾಚಕರು ಅಂಜಬೇಕಾಗಿಲ್ಲ. ಅದನ್ನು ವಿಚಾರಿಸಲು ನಾನು ಆರಿಸಿಕೊಂಡ ವಸ್ತು ಬಲು ಸಾಮಾನ್ಯವಾದುದು: ಸ್ನಾನದ ತೊಟ್ಟಿ, ಪೇಟೆಯ ಮಾತಿನಲ್ಲಿ ಬಾತ್‌ಟಬ್.

ನಮ್ಮ ನಂಜನಗೂಡು ಸೀಮೆಯ ಹಳೆಯ ಬಚ್ಚಲುಮನೆಯಲ್ಲಿ ಈ ತೊಡಕು ಇರಲಿಲ್ಲ. ಹಂಡೆಯಲ್ಲಿ ನೀರು ಕಾಯುತ್ತಿತ್ತು. ಸ್ನಾನ ಮಾಡುವವರು ಕಲ್ಲಿನ ಮೇಲೋ ಮಣೆಯ ಮೇಲೋ ಕುಳಿತು ಚೊಂಬಿನಿಂದ ಹೊಯ್ದುಕೊಳ್ಳುತ್ತಿದ್ದರು. ನೀರಿನೊಳಕ್ಕೆ ಮನುಷ್ಯ ಇಳಿಯುತ್ತಿರಲಿಲ್ಲ, ನೀರೇ ಮನುಷ್ಯನ ಮೇಲೆ ಇಳಿಯುತ್ತಿತ್ತು. ಮಣೆ ತೀರ ತಗ್ಗಾಗಿದ್ದರೆ ಮಂಡಿನೋವಿನವರಿಗೆ ಅದೂ ಕಷ್ಟವೇ, ಒಪ್ಪತಕ್ಕ ಮಾತು. ಆದರೂ ಪಾದದ ಕೆಳಗೆ ಒರಟು ಕಲ್ಲಿರುತ್ತಿತ್ತು, ಕೈಗೆ ಗೋಡೆ ಸಿಕ್ಕುತ್ತಿತ್ತು.

ತೊಟ್ಟಿಯಲ್ಲಿ ಕುಳಿತವನ ಸ್ಥಿತಿಯನ್ನು ನೋಡಿರಿ. ಕುಳಿತಲ್ಲಿಂದ ಏಳಬೇಕಾದರೆ ಪಾದಗಳನ್ನು ಹಿಂದಕ್ಕೆಳೆದು ದೇಹದ ಅಡಿಗೆ ತಂದುಕೊಳ್ಳಬೇಕು, ಮೈಯ ಭಾರವನ್ನು ಮುಂದಕ್ಕೆ ಬಾಗಿಸಿ ಅವುಗಳ ಮೇಲೆ ಹೊರಿಸಬೇಕು. ಕುರ್ಚಿಯಿಂದೇಳುವಾಗ ನಾವು ಅರಿಯದೆಯೇ ಮಾಡುವ ಕೆಲಸವಿದು. ಇಕ್ಕಟ್ಟಾದ ತೊಟ್ಟಿಯಲ್ಲಾದರೋ ಕಾಲುಗಳು ಮುಂದಕ್ಕೆ ಚಾಚಿರುತ್ತವೆ. ಬೆನ್ನಿನ ಕಡೆಯ ಇಳಿಜಾರು ದೇಹವನ್ನು ಹಿಂದಕ್ಕೇ ಒರಗಿಸುತ್ತದೆ. ತಳ ನುಣುಪು, ಅದರ ಮೇಲೆ ಸಾಬೂನು ನೀರು. ಹಿಡಿಯಲು ಒಂದು ಹಿಡಿಯೂ ಇಲ್ಲ. ನೀರಿನಲ್ಲಿರುವಷ್ಟು ಹೊತ್ತು ಹಗುರವಾಗಿದ್ದ ಮೈ, ಮೇಲೇಳುತ್ತಿದ್ದಂತೆ ತನ್ನ ಪೂರ್ಣ ಭಾರವನ್ನು ಮರಳಿ ಪಡೆಯುತ್ತದೆ. ಬಿಸಿನೀರಿಗೆ ರಕ್ತನಾಳಗಳು ಹಿಗ್ಗಿರುವುದರಿಂದ ಥಟ್ಟನೆ ನಿಂತವರಿಗೆ ರಕ್ತದೊತ್ತಡ ಕುಸಿದು ತಲೆ ಸುತ್ತುವುದೂ ಉಂಟು. ಈ ಹಗುರತನದ ಮರ್ಮವನ್ನು ಕಂಡ ಆರ್ಕಿಮಿಡೀಸನು ಸ್ನಾನದ ತೊಟ್ಟಿಯಿಂದ ಜಿಗಿದು ಬೆತ್ತಲೆಯಾಗಿಯೇ ಮನೆಯತ್ತ ಓಡಿದನೆಂದು ರೋಮಿನ ವಿಟ್ರೂವಿಯಸ್ ಬರೆದಿದ್ದಾನೆ. ಹಾಗೆ ಜಿಗಿಯಲು ಅವನಿಗೆ ಸಾಧ್ಯವಾಯಿತೆಂದ ಮೇಲೆ ಆ ತೊಟ್ಟಿಯನ್ನು ಮಾಡಿದವನು ಬುದ್ಧಿವಂತನೇ ಇರಬೇಕು.

ಇಂಥ ಬುದ್ಧಿವಂತಿಕೆ ನಮ್ಮ ನಾಡಿಗೆ ಹೊಸದಲ್ಲ. ಮೇಲುಕೋಟೆಯ ಕಲ್ಯಾಣಿಯನ್ನೋ ಹಂಪೆಯ ಮೆಟ್ಟಿಲುಕೊಳವನ್ನೋ ನೋಡಿದವರು ಒಂದು ವಿಶೇಷವನ್ನು ಗಮನಿಸಿರಬಹುದು. ಮಳೆಗಾಲದಲ್ಲಿ ನೀರು ಏರಲಿ, ಬೇಸಗೆಯಲ್ಲಿ ಇಳಿಯಲಿ, ನೀರಿನ ಅಂಚಿನಲ್ಲಿ ಒಂದು ಮೆಟ್ಟಿಲು ಇದ್ದೇ ಇರುತ್ತದೆ. ಈಜುಬಲ್ಲ ತರುಣ ಕೆಳಗಿನ ಮೆಟ್ಟಿಲಿಗೆ ಹೋಗುತ್ತಾನೆ, ಮುದುಕಿ ಮೇಲಿನದರಲ್ಲೇ ಕುಳಿತು ಮೀಯುತ್ತಾಳೆ. ಇಳಿದ ಮೆಟ್ಟಿಲುಗಳೇ ಏರುವ ಮೆಟ್ಟಿಲುಗಳು. ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯಕ್ಕೆ ಹೋದವರು ಅಲ್ಲಿನ ಹದಿನಾರು ಮುಖದ ಚಾವಡಿಯನ್ನು ಬಲ್ಲರು. ಹದಿನಾರು ಮಂದಿ ಅಳಿಯಂದಿರಲ್ಲಿ ಯಾರಿಗೂ ಮೇಲುಕೀಳೆನಿಸದಂತೆ ಕೂರಲು ಅದನ್ನು ಮಾಡಿಸಿದರೆಂದು ಜನ ಕಥೆ ಹೇಳುತ್ತಾರೆ. ಅದು ಕಥೆಯೇ ಆಗಿರಲಿ, ಕೂರುವವನ ಮಾನವನ್ನು ಕಟ್ಟುವವನು ಮೊದಲೇ ಯೋಚಿಸಬೇಕೆಂಬ ತಿಳಿವಳಿಕೆ ಆ ಕಥೆ ಕಟ್ಟಿದವರಲ್ಲಿ ಇತ್ತು.

ಮಾನವೆಂದೆ. ವಿಷಯದ ತಿರುಳು ಇರುವುದು ಅಲ್ಲಿಯೇ. ಇಂಥದೇ ಊರಿನಿಂದ, ಅಮೆರಿಕೆಯಲ್ಲಿರುವ ಮಗನ ಮನೆಗೆ ಹೋದ ತಾಯಿಯೊಬ್ಬಳನ್ನು ಊಹಿಸಿಕೊಳ್ಳಿರಿ. ಅಲ್ಲಿನ ಅನೇಕ ಮನೆಗಳಲ್ಲಿ ನಿಂತು ಮೀಯಬೇಕಾದರೂ ಮೊಣಕಾಲೆತ್ತರದ ತೊಟ್ಟಿಯ ಅಂಚನ್ನು ದಾಟಿಯೇ ಒಳಗಿಳಿಯಬೇಕು. ಒದ್ದೆಗಾಲಿನಲ್ಲಿ ಮರಳಿ ದಾಟಬೇಕು. ಆಕೆ ಒಳಗಿಳಿದಳು, ಏಳಲಾರದಾದಳು. ಯಾರನ್ನು ಕರೆಯುವುದು? ಮಗನನ್ನೆ, ಸೊಸೆಯನ್ನೆ? ಮೈಮೇಲೆ ಬಟ್ಟೆಯಿಲ್ಲ. ಆಗ ಆಕೆ ತೊಟ್ಟಿಯನ್ನು ದೂರುವುದಿಲ್ಲ. “ನನಗೆ ವಯಸ್ಸಾಯಿತು” ಎಂದು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಮನೆಯವರೂ “ಅಮ್ಮನ ಕೈಲಿ ಆಗುವುದಿಲ್ಲ” ಎನ್ನುತ್ತಾರೆ. ಮಾಡಿದವನ ತಪ್ಪು ಹೀಗೆ ಬಳಸಿದವಳ ಮುಪ್ಪಿನ ಹೆಸರಿನಲ್ಲಿ ಜಮೆಯಾಗಿಬಿಡುತ್ತದೆ. ಅನ್ಯಾಯವೆಂದು ನಾನು ಕರೆಯುವುದು ಇದನ್ನು.

ಕೆಲವರು ಆಕ್ಷೇಪಿಸಬಹುದು: ಮುಪ್ಪಿನಲ್ಲಿ ಒಬ್ಬರ ನೆರವನ್ನು ಇನ್ನೊಬ್ಬರು ಪಡೆಯುವುದು ಸಹಜ, ಮಕ್ಕಳು ಕೈಹಿಡಿದು ಎತ್ತುವುದು ಧರ್ಮ, ಇದರಲ್ಲಿ ನಾಚಿಕೆಯೇಕೆ? ನಾಚಿಕೆಯಿಲ್ಲ, ನಿಜ. ಆದರೆ ಕಾಲವು ತಂದ ಅವಲಂಬನೆ ಬೇರೆ, ಕುಶಲಕರ್ಮಿಯ ಅಲಕ್ಷ್ಯವು ತಂದ ಅವಲಂಬನೆ ಬೇರೆ. ಗೋಡೆಗೆ ಒಂದು ಹಿಡಿ ಇದ್ದಿದ್ದರೆ ಆಕೆ ಇನ್ನೂ ಹತ್ತು ವರ್ಷ ತನ್ನ ಸ್ನಾನವನ್ನು ತಾನೇ ಮಾಡಿಕೊಳ್ಳಬಹುದಿತ್ತು. ಆ ಹತ್ತು ವರ್ಷಗಳ ಏಕಾಂತವನ್ನು ಆಕೆಯಿಂದ ಕಸಿದುಕೊಂಡು, ಬಳಿಕ ಮಕ್ಕಳ ಸೇವಾಭಾವವನ್ನು ಹೊಗಳುವುದು ನನಗೆ ಸರಿಕಾಣದು. ಅಂಗವಿಕಲರ ಹಕ್ಕುಗಳ ಕುರಿತು 2016ರಲ್ಲಿ ನಮ್ಮ ದೇಶದಲ್ಲಿ ಆದ ಕಾಯಿದೆ, ಸಾರ್ವಜನಿಕರು ಬಳಸುವ ಕಟ್ಟಡಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸುತ್ತದೆ. ಮನೆಯ ಬಚ್ಚಲಿಗೆ ಯಾವ ಅಧಿಕಾರಿಯೂ ಬಂದು ನೋಡುವುದಿಲ್ಲ. ಅಲ್ಲಿ ಕಟ್ಟುವವನೂ ಕಟ್ಟಿಸುವವನೂ ತಾವಾಗಿಯೇ ಯೋಚಿಸಬೇಕು.

ಮಠದ ವಿದ್ಯಾರ್ಥಿನಿಲಯಗಳಲ್ಲಿ ಓದಿ ಇಂದು ಎಂಜಿನಿಯರರಾಗಿ, ಗುತ್ತಿಗೆದಾರರಾಗಿ ಮನೆಗಳನ್ನು ಕಟ್ಟುತ್ತಿರುವ ವಾಚಕರಲ್ಲಿ ಒಂದು ವಿಜ್ಞಾಪನೆ. ಬಚ್ಚಲಿಗೆ ಹೊಳಪಿನ ಹಾಸು ಆರಿಸುವ ಮುನ್ನ ಅದರ ಮೇಲೆ ನೀರು ಚೆಲ್ಲಿ ಬರಿಗಾಲಲ್ಲಿ ನಿಂತು ನೋಡಿರಿ. ಹಿಡಿಯನ್ನು ಗೋಡೆಯೊಳಕ್ಕೆ ಭದ್ರವಾಗಿ ಕೂರಿಸಿರಿ. ಟವೆಲ್ ಹಾಕುವ ಕಂಬಿಯನ್ನು ಮನುಷ್ಯನ ಭಾರಕ್ಕೆಂದು ಮಾಡಿರುವುದಿಲ್ಲ. ಅದನ್ನು ನಂಬಿ ಹಿಡಿದವರು ಕಂಬಿಯೊಡನೆಯೇ ಬೀಳುತ್ತಾರೆ. ಇನ್ನು ಈಗಾಗಲೇ ಇಂಥ ತೊಟ್ಟಿಯಿರುವ ಮನೆಯಲ್ಲಿ ಇರುವವರು ಮೊದಲು ನೀರನ್ನು ಹರಿಯಬಿಡಬೇಕು, ಅದು ಇಳಿಯುವತನಕ ಕುಳಿತೇ ಇರಬೇಕು. ಆಮೇಲೆ ನೇರವಾಗಿ ಏಳಲು ಹೋಗದೆ ಒಂದು ಮಗ್ಗುಲಿಗೆ ಹೊರಳಿ, ಅಂಬೆಗಾಲಿನ ಭಂಗಿಗೆ ಬಂದು, ಎರಡು ಕೈಗಳನ್ನೂ ಅಂಚಿನ ಮೇಲೂರಿ, ಒಂದು ಪಾದವನ್ನು ತಳಕ್ಕೆ ಊರಿಕೊಂಡು ನಿಧಾನವಾಗಿ ಏಳಬೇಕು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕದಿರುವುದು ಲೇಸು.