ಇಂದಿನ ಚಿಂತನೆ: ಕಾವಲಿಲ್ಲದ ಬಾಗಿಲು



ಸಂಯುತ್ತ ನಿಕಾಯದ ಕಿಂಸುಕ ಸುತ್ತದಲ್ಲಿ ಭಗವಾನರು ಒಂದು ಗಡಿ ಊರಿನ ಮಾತು ಹೇಳುತ್ತಾರೆ. ಗಟ್ಟಿ ಕೋಟೆ, ಆರು ಬಾಗಿಲು, ಅಲ್ಲೊಬ್ಬ ಜಾಣ ಕಾವಲುಗಾರ. ಗುರುತಿಲ್ಲದವರನ್ನು ತಡೆಯುತ್ತಾನೆ, ಗುರುತಿರುವವರನ್ನು ಒಳಗೆ ಬಿಡುತ್ತಾನೆ. ಊರೆಂದರೆ ಈ ದೇಹ. ಬಾಗಿಲುಗಳು ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸು. ಕಾವಲುಗಾರನೇ ಸತಿ, ಅಂದರೆ ಎಚ್ಚರ. (ಪಾಲಿಯ ಈ ‘ಸತಿ’ ಸಂಸ್ಕೃತದ ‘ಸ್ಮೃತಿ’. ಚಿತೆ ಏರುವ ಸತಿಗೂ ಇದಕ್ಕೂ ಸಂಬಂಧವಿಲ್ಲ. ಹೊಸಬರು ಯಾರಾದರೂ ಕೇಳಿಯೇ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿದೆ.)

ನಮ್ಮ ಬಳಗದಲ್ಲಿ ಶಾಲೆ, ಕಚೇರಿ, ಆಸ್ಪತ್ರೆಗಳಲ್ಲಿ ದುಡಿಯುವವರು ಬಹಳ ಮಂದಿ. ನೀವು ಕೆಲಸ ಮಾಡುವ ಕಡೆ ಒಂದು ಹಳೆಯ ಕಂಪ್ಯೂಟರ್ ಇದ್ದೇ ಇರುತ್ತದೆ. ಅದಕ್ಕೂ ಬಾಗಿಲುಗಳಿವೆ. ನೆಟ್‌ವರ್ಕಿನಿಂದ ಒಳಬರುವ ಆ ದಾರಿಗಳಿಗೆ ಪೋರ್ಟ್ ಎನ್ನುತ್ತಾರೆ, ಅವುಗಳ ಸಂಖ್ಯೆ 65,535ರವರೆಗೆ ಹೋಗುತ್ತದೆ. ಒಳಗೆ ಯಾವುದಾದರೂ ಪ್ರೋಗ್ರಾಂ ಕಿವಿಗೊಟ್ಟು ಕೂತಿದ್ದರೆ ಮಾತ್ರ ಆ ಪೋರ್ಟ್ ತೆರೆದಿರುತ್ತದೆ. ಫೋಲ್ಡರ್, ಪ್ರಿಂಟರ್ ಹಂಚಿಕೊಳ್ಳಲು 445. ದೂರದಲ್ಲಿ ಕೂತು ಕಂಪ್ಯೂಟರ್ ನಡೆಸಲು 3389. ಕೆಲವನ್ನು ವಿಂಡೋಸ್ ತಾನೇ ತೆರೆದಿಟ್ಟಿರುತ್ತದೆ, ಕೆಲವನ್ನು ಹಿಂದೆ ಯಾರೋ ಅಗತ್ಯವಿದ್ದೇ ತೆರೆದಿರುತ್ತಾರೆ. ಆಮೇಲೆ ಆ ಪ್ರಿಂಟರ್ ಗುಜರಿಗೆ ಹೋಯಿತು, ತೆರೆದವರಿಗೆ ವರ್ಗವಾಯಿತು, ಬಾಗಿಲು ಹಾಗೆಯೇ ಉಳಿಯಿತು.

2017ರ ಮೇ 12. ಆ ವರ್ಷದ ಬುದ್ಧ ಪೂರ್ಣಿಮೆ ಕಳೆದು ಎರಡೇ ದಿನ. ವನ್ನಾಕ್ರೈ ಎಂಬ ಹುಳು ಇದೇ 445ರಿಂದ ನುಗ್ಗಿ, ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಲು 300 ಡಾಲರ್ ಕೇಳಿತು. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಒಂದು ಯಂತ್ರಕ್ಕೆ ಹೊಕ್ಕರೆ ಅಲ್ಲಿಂದ ಪಕ್ಕದ್ದರ ಬಾಗಿಲು ತಾನೇ ತಟ್ಟುತ್ತಿತ್ತು. ದೋಷ ಸರಿಪಡಿಸುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು, ಎಷ್ಟೋ ಕಡೆ ಹಾಕಿರಲಿಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ 81ಕ್ಕೆ ಪೆಟ್ಟು ಬಿತ್ತು. ಸಾವಿರಾರು ರೋಗಿಗಳ ಭೇಟಿ ರದ್ದಾಯಿತು; ಕ್ಯಾನ್ಸರ್ ಇರಬಹುದೆಂದು ತುರ್ತಾಗಿ ತೋರಿಸಿಕೊಳ್ಳಬೇಕಿದ್ದವರೂ ಅವರಲ್ಲಿದ್ದರು. ಅಪ್‌ಡೇಟ್ ಹಾಕಿರಲಿ ಬಿಡಲಿ, ಇಂಟರ್ನೆಟ್ ಕಡೆಗಿನ ಫೈರ್‌ವಾಲನ್ನು ಸರಿಯಾಗಿ ನೋಡಿಕೊಂಡಿದ್ದರೆ ಆ ಸಂಸ್ಥೆಗಳಿಗೆ ರಕ್ಷಣೆ ಸಿಗುತ್ತಿತ್ತು ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯೇ ಬರೆಯಿತು.

ನನಗೆ ಇದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಶೀಲದ ಪ್ರಶ್ನೆಯಾಗಿ ಕಾಣುತ್ತದೆ. ‘ನನ್ನ ಹಳೇ ಡಬ್ಬದಲ್ಲಿ ಕದಿಯೋಕೆ ಏನಿದೆ?’ ಎನ್ನುತ್ತೇವೆ. ಶಾಲೆಯ ಕಂಪ್ಯೂಟರಿನಲ್ಲಿ ಮಕ್ಕಳ ವಿದ್ಯಾರ್ಥಿವೇತನದ ಪಟ್ಟಿ ಇರುತ್ತದೆ. ಅದರಲ್ಲಿ ಜಾತಿ, ಆಧಾರ್, ತಂದೆತಾಯಿಯ ಆದಾಯ, ಬ್ಯಾಂಕ್ ಖಾತೆ ಎಲ್ಲ ಇದೆ. ಯಂತ್ರ ನಮ್ಮ ಮೇಜಿನ ಮೇಲಿದ್ದರೂ ಅದರೊಳಗಿನ ಬದುಕು ಅವರದು. ಬಾಗಿಲು ಬಿಟ್ಟವರೊಬ್ಬರು, ಕಳಕೊಳ್ಳುವವರು ಇನ್ನೊಬ್ಬರು. ಭಗವಾನರು ಕೊನೆಯ ಮಾತಿನಲ್ಲಿ ಭಿಕ್ಷುಗಳಿಗೆ ನೆನಪಿಸಿದ ಅಪ್ಪಮಾದ, ಅಂದರೆ ಮೈಮರೆಯದಿರುವುದು, ಇಂಥ ಕಡೆಗೂ ಸಲ್ಲಬೇಕಲ್ಲವೇ?

ಹಾಗೆಂದು ನೆಟ್‌ವರ್ಕಿನ ತಂತಿಯನ್ನೇ ಕಿತ್ತಿಡಬೇಕೆ? ಮಜ್ಝಿಮ ನಿಕಾಯದ ಇಂದ್ರಿಯಭಾವನಾ ಸುತ್ತದಲ್ಲಿ ಉತ್ತರನೆಂಬ ಯುವಕ ಬರುತ್ತಾನೆ. ಕಣ್ಣಿನಿಂದ ನೋಡದಿರುವುದು, ಕಿವಿಯಿಂದ ಕೇಳದಿರುವುದೇ ಇಂದ್ರಿಯ ಸಾಧನೆಯೆಂದು ಅವನ ಗುರುವಿನ ಬೋಧೆ. ಹಾಗಾದರೆ ಕುರುಡರೂ ಕಿವುಡರೂ ಸಾಧಕರೇ ಆಗಬೇಕಲ್ಲ ಎಂಬ ಮಾತು ಬಂದಾಗ ಉತ್ತರ ತಲೆತಗ್ಗಿಸಿ ಕೂರುತ್ತಾನೆ. ಕಿಂಸುಕ ಸುತ್ತದ ಊರಿಗೂ ಇಬ್ಬರು ದೂತರು ಬರುತ್ತಾರೆ, ಶಮಥ ಮತ್ತು ವಿಪಶ್ಯನ. ಅವರು ತರುವ ಸಂದೇಶ ನಿಬ್ಬಾಣ. ಕಾವಲುಗಾರ ಎಲ್ಲ ಬಾಗಿಲೂ ಮುಚ್ಚಿದರೆ ಅವರೂ ಹೊರಗೇ ನಿಲ್ಲಬೇಕು.

ಆದ್ದರಿಂದ ಮುಚ್ಚುವ ಮೊದಲು ಕೇಳಬೇಕು. ಕಂಪ್ಯೂಟರ್ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಮಾಂಡ್ ಕಿಟಕಿಯಲ್ಲಿ ‘ನೆಟ್‌ಸ್ಟ್ಯಾಟ್ -a’ ಕೊಟ್ಟರೆ ಯಾವ ಪೋರ್ಟ್‌ಗಳು ಕಿವಿಗೊಟ್ಟಿವೆ ಎಂದು ತೋರಿಸುತ್ತದೆ. ಒಂದೊಂದಕ್ಕೂ ‘ಈಗ ಇದರಿಂದ ಯಾರು ಬರುತ್ತಾರೆ?’ ಎಂದು ಕಚೇರಿಯಲ್ಲಿ ವಿಚಾರಿಸಿ. ಪಕ್ಕದ ಕೋಣೆಯವರು ನಿಮ್ಮ ಯಂತ್ರದ ಮೂಲಕವೇ ಪ್ರಿಂಟ್ ತೆಗೆಯುತ್ತಿದ್ದರೆ 445 ಪೂರ್ತಿ ಮುಚ್ಚಿದ ದಿನ ಅವರ ಕೆಲಸ ನಿಲ್ಲುತ್ತದೆ. ಫೈರ್‌ವಾಲಿನ ಒಳಬರುವ ನಿಯಮದಲ್ಲಿ ‘ಸ್ಕೋಪ್’ ಎಂಬ ಜಾಗವಿದೆ. ಅಲ್ಲಿ ಅವರ ಕಂಪ್ಯೂಟರಿನ ವಿಳಾಸವೊಂದನ್ನೇ ಬರೆದರೆ ಗುರುತಿನವರು ಒಳಗೆ, ಉಳಿದವರು ಹೊರಗೆ. ಯಾರೂ ಬಾರದ ಬಾಗಿಲನ್ನು ಮುಚ್ಚಿಬಿಡಿ. ಇಷ್ಟಾದರೂ ಹಳೆಯದು ಹಳೆಯದೇ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. ಹೊಸ ಯಂತ್ರಕ್ಕೆ ಬೇಡಿಕೆ ಬರೆಯುವುದನ್ನೂ ಬಿಡಬೇಡಿ.

ಇಂದು ಧ್ಯಾನಕ್ಕೆ ಕೂತಾಗ ಅದೇ ಪ್ರಶ್ನೆಯನ್ನು ಒಳಗೂ ಕೇಳಿ ನೋಡೋಣ. ಹತ್ತು ವರ್ಷದ ಹಿಂದೆ ಯಾರದೋ ಚುಚ್ಚುಮಾತಿಗೆಂದು ಕಿವಿಗೊಟ್ಟು ಕೂತ ಜಾಗ ಇವತ್ತಿಗೂ ತೆರೆದಿದೆಯೇ? ಅಲ್ಲಿಂದ ಈಗ ಯಾರು ಬಂದು ಹೋಗುತ್ತಿದ್ದಾರೆ? ಭಾನುವಾರದ ಓದಿಗೆ ಕಿಂಸುಕ ಸುತ್ತವನ್ನೇ ಇಟ್ಟುಕೊಳ್ಳೋಣ. ಸಳಾಯತನ ವಗ್ಗದಲ್ಲಿದೆ, ಚಿಕ್ಕದು, ಒಮ್ಮೆ ಓದಿಕೊಂಡು ಬನ್ನಿ.

ಜೈ ಭೀಮ್.